ಮಿನೆಗಿಶಿಯವರ ಮೊದಲ ಕಾದಂಬರಿ ಹುಟ್ಟಿದ ಮನೆ

ಗ್ಲೆಂಡೇಲ್ ಹೈಟ್ಸ್

ಚಿಕಾಗೊ ಪಕ್ಕದ ಈ ಊರಿನಲ್ಲಿ, ಗೆಳತಿ ಶಾಹಿದಾಳ ಮನೆಯಲ್ಲಿ ಮೊದಲ ವಾರವನ್ನು ನಾನು ಕಿಟಕಿಯ ಪಕ್ಕ ಕೂತು ಕಳೆದೆ. ಬೆಳಿಗ್ಗೆ ಅವಳೂ ಅವಳ ಗಂಡ ರಫೀಕನೂ ತಮ್ಮ ದಿನಸಿ ಅಂಗಡಿಗೆ ಹೊರಟುಬಿಡುತ್ತಿದ್ದರು, ಮಕ್ಕಳಿಬ್ಬರು ಸ್ಕೂಲಿಗೆ. ಆಮೇಲೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಸದ್ದು. ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಕಿಟಕಿಗೆ ಒಂದು ತಾಸು ಮುಖವಿಟ್ಟು ಕೂತರೆ ಕಾಯಿಪಲ್ಯದ ಗಾಡಿ, ಎರಡು ಜಗಳ, ಒಂದು ಎಮ್ಮೆ, ಅರ್ಧ ಓಣಿಯ ಸುದ್ದಿ ಸಿಕ್ಕುತ್ತದೆ. ಇಲ್ಲಿ ಎದುರು ಮನೆಯ ಗ್ಯಾರೇಜಿನ ಬಾಗಿಲು ತಾನಾಗಿ ಮೇಲೇಳುತ್ತದೆ, ಒಳಗಿಂದ ಕಾರು ಹೊರಬರುತ್ತದೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಾರಿನಲ್ಲಿ ಕೂತವರ ಮುಖ ನಾನು ಕೊನೆಯವರೆಗೂ ನೋಡಲಿಲ್ಲ. ಬೀದಿಯಲ್ಲಿ ನಡೆದು ಬರುತ್ತಿದ್ದವನು ಅಂಚೆಯವನೊಬ್ಬನೇ. ಅವನು ಚಡ್ಡಿ ಹಾಕಿಕೊಂಡಿದ್ದ. ದಿನಾ ಅವನಿಗಾಗಿ ಕಾಯುವುದು ನನಗೆ ಅಭ್ಯಾಸವಾಗಿಬಿಟ್ಟಿತು.

ಶಾಹಿದಾ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚಿನವರು. ಅವಳು ಮದುವೆಯಾಗಿ ಇಲ್ಲಿಗೆ ಬಂದಳು. ನಾನು ಮದುವೆಯಾಗದೆ ಹುಬ್ಬಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಮಕ್ಕಳಿಗಾಗಿ ವಿಜ್ಞಾನದ ಕಥೆಗಳನ್ನು ಬರೆಯುತ್ತ ಉಳಿದೆ. ಅವಳ ಮಕ್ಕಳಿಗೆಂದು ನನ್ನ ಪುಸ್ತಕಗಳನ್ನು ಹೊತ್ತು ತಂದಿದ್ದೆ. ಅವರು ನಯವಾಗಿ ತೆರೆದು ನೋಡಿದರು. ಇಷ್ಟು ದುಂಡಗಿನ ಅಕ್ಷರ ಯಾವ ಭಾಷೆಯದು ಎಂದು ಕಿರಿಯವಳು ಇಂಗ್ಲಿಷಿನಲ್ಲಿ ಕೇಳಿದಳು. ನಿಮ್ಮ ಅಮ್ಮನ ಭಾಷೆಯದು ಎಂದೆ. ಶಾಹಿದಾ ಒಲೆಯ ಮುಂದಿನಿಂದ ಕೂಗಿ ಹೇಳಿದಳು: "ನಾನಽ ಓದೂದು ಬಿಟ್ಟು ಎಷ್ಟ್ ವರ್ಷ ಆತೋ ಸರೋಜಾ. ಈಗ ಓದಾಕ ಕೂತ್ರ ನಿದ್ದಿ ಬರ್ತೈತಿ." ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ನಾನು ಬಂದದ್ದು ಬರೀ ಗೆಳತಿಯನ್ನು ನೋಡಲಿಕ್ಕಲ್ಲ. ಜಪಾನಿನಲ್ಲಿ ಮಿನೆಗಿಶಿ ಎಂಬ ಕಾದಂಬರಿಕಾರರಿದ್ದರು. ಸಾಹಸದ ಕಥೆಗಳನ್ನು ಬರೆಯುತ್ತಿದ್ದರು, ಆದರೆ ಒಳಗಿನ ವಿಜ್ಞಾನದಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳು ಸೇರಿಸುತ್ತಿರಲಿಲ್ಲ. ಸುರಂಗ ಕುಸಿದರೆ ಯಾಕೆ ಕುಸಿಯಿತು, ಒಳಗೆ ಎಷ್ಟು ಗಾಳಿ ಉಳಿಯಿತು ಎಂಬುದನ್ನು ನಮ್ಮ ಪರೀಕ್ಷೆಯ ಪ್ರಶ್ನೆಯ ಹಾಗೆ ಲೆಕ್ಕ ಹಾಕಿ ನೋಡಬಹುದಿತ್ತು. ಅವರ ಬಹಳಷ್ಟು ಪುಸ್ತಕಗಳಲ್ಲಿ ಮೊದಲನೆಯದು ಒಂದೇ ಇಂಗ್ಲಿಷಿಗೆ ಬಂದಿತ್ತು. ಅದನ್ನು ನಾನು ಅವರ ಒಪ್ಪಿಗೆ ಪಡೆದು 'ಕಡಲಡಿಯ ಉಸಿರು' ಎಂದು ಕನ್ನಡಕ್ಕೆ ತಂದೆ, ನಮ್ಮ ಕಡೆಯ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಮೇ ತಿಂಗಳ ಕೊನೆಯಲ್ಲಿ ಚಿಕಾಗೊ ಹತ್ತಿರದ ಹೋಟೆಲಿನಲ್ಲಿ ವಿಜ್ಞಾನ ಕಥೆಗಳ ಓದುಗರು ಸೇರುತ್ತಾರೆ, ಮಿನೆಗಿಶಿ ಅಲ್ಲಿ ಮಾತಾಡುತ್ತಾರೆ ಎಂದು ತಿಳಿದಾಗ ರಜೆಯೂ ಶಾಹಿದಾಳ ಕರೆಯೂ ಕೂಡಿ ಬಂದವು. ಸಂದರ್ಶನ ತಂದರೆ ದೀಪಾವಳಿ ವಿಶೇಷಾಂಕದಲ್ಲಿ ಹಾಕುತ್ತೇನೆಂದು ಸಂಪಾದಕರು ಹೇಳಿದ್ದರು.

ಏರ್‌ಪೋರ್ಟಿನ ಪಕ್ಕದ ಹೋಟೆಲು

ಹೋಟೆಲಿನ ತುಂಬ ವೇಷದವರು. ಬೆಳ್ಳಿ ಬಣ್ಣ ಬಳಿದುಕೊಂಡವರು, ಕೊಂಬು ಕಟ್ಟಿಕೊಂಡವರು, ಪ್ಲಾಸ್ಟಿಕ್ಕಿನ ಬಂದೂಕು ಹಿಡಿದ ತಾತಂದಿರು. ಸೀರೆ ಉಟ್ಟ ನನ್ನನ್ನು ನೋಡಿ ಇಬ್ಬರು ಮೆಚ್ಚಿಕೊಂಡು, ನೀವು ಯಾವ ಗ್ರಹದವರ ವೇಷ ಹಾಕಿದ್ದೀರಿ ಎಂದು ಕೇಳಿದರು. ಹುಬ್ಬಳ್ಳಿಯವರ ವೇಷ ಎಂದೆ. ಅವರು ತಲೆಯಾಡಿಸಿ, ಆ ಟಿವಿ ಧಾರಾವಾಹಿ ತಾವಿನ್ನೂ ನೋಡಿಲ್ಲ ಎಂದರು.

ಮಿನೆಗಿಶಿಯವರಿಗೆ ಕೊಟ್ಟಿದ್ದು ಕಾರಿಡಾರಿನ ಕೊನೆಯ ಸಣ್ಣ ಕೋಣೆ. ಅದೇ ಹೊತ್ತಿಗೆ ಪಕ್ಕದ ದೊಡ್ಡ ಹಾಲಿನಲ್ಲಿ ಟಿವಿ ನಟನೊಬ್ಬನ ಕಾರ್ಯಕ್ರಮ ಇಟ್ಟಿದ್ದರು. ಸಾಲು ಸಾಲು ಖಾಲಿ ಕುರ್ಚಿಗಳ ನಡುವೆ ನಾವು ಬೆರಳೆಣಿಕೆಯ ಜನ. ಅದರಲ್ಲೊಬ್ಬ ಬೂಟು ಬಿಚ್ಚಿ ಕಾಲು ಚಾಚಿ ಕಣ್ಣು ಮುಚ್ಚಿದ್ದ. ಮಿನೆಗಿಶಿ ಸಣ್ಣ ಮೈಯ, ಕಂದು ಕೋಟಿನ ವೃದ್ಧರು. ಸಮುದ್ರದ ತಳದ ಸುರಂಗದ ಮೇಲೆ ನೀರಿನ ಒತ್ತಡ ಹೇಗೆ ಬೀಳುತ್ತದೆ ಎಂಬ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತ, ಒಂದೊಂದೇ ಇಂಗ್ಲಿಷ್ ಪದವನ್ನು ಹುಡುಕಿ ಇಡುತ್ತ ಮಾತಾಡಿದರು. ಗೋಡೆಯಾಚೆ ಚಪ್ಪಾಳೆ ಬಿದ್ದಾಗಲೆಲ್ಲ ನಿಲ್ಲಿಸಿ, ಅದು ಮುಗಿದ ಮೇಲೆ ಮುಂದುವರಿಸುತ್ತಿದ್ದರು. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಒಬ್ಬಾಕೆ, ಮುಂದಿನ ಕಾರ್ಯಕ್ರಮ ಇದೇ ಕೋಣೆಯಲ್ಲಿಯೇ ಎಂದು ವಿಚಾರಿಸಿದಳು.

ನಾನು ಎದ್ದು ಹೋಗಿ ಹೆಸರು ಹೇಳಿದೆ. ಅವರು ಬಾಗಿ ನಮಸ್ಕರಿಸಿ ಚೀಲಕ್ಕೆ ಕೈಹಾಕಿದರು. ನಾನು ಕಳಿಸಿದ್ದ ವಾರಪತ್ರಿಕೆಯ ಸಂಚಿಕೆಗಳು ಅವರ ಹತ್ತಿರವಿದ್ದವು. ಕನ್ನಡದ ಸಾಲುಗಳ ಕೆಳಗೆ ಬೆರಳು ಓಡಿಸುತ್ತ, ಇದರಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ತುಸು ಹೊತ್ತು ಅದನ್ನೇ ನೋಡಿದರು.

ಹೊಟ್ಟೆ ಹಸಿದಿತ್ತು. ಹೋಟೆಲಿನ ಮಾಂಸದ ವಾಸನೆ ನನಗೆ ಒಗ್ಗಲಿಲ್ಲ. ರಸ್ತೆಯಾಚೆ ಒಂದು ಸಣ್ಣ ಉಪಾಹಾರದಂಗಡಿ ಕಾಣುತ್ತಿತ್ತು, ಇಬ್ಬರೂ ನಡೆದೆವು. ಫುಟ್‌ಪಾತ್ ಸ್ವಲ್ಪ ದೂರ ಬಂದು ಹುಲ್ಲಿನಲ್ಲಿ ಮುಗಿದುಹೋಯಿತು. ಹುಲ್ಲಿನಲ್ಲೇ ಮುಂದೆ ಹೋದೆವು. ಹಿಂದೆ ಪೊಲೀಸ್ ಕಾರು ಬಂದು ನಿಂತಿತು. ಎಳೆಯ ಪೊಲೀಸ ಇಳಿದು, ಕಾರು ಎಲ್ಲಿ ಕೆಟ್ಟಿದೆ ಎಂದು ಕಾಳಜಿಯಿಂದ ಕೇಳಿದ. ಕಾರಿಲ್ಲ, ನಡೆಯುತ್ತಿದ್ದೇವೆ ಎಂದೆ. ನಡೆಯುವುದು ಯಾಕೆ ಎಂಬುದು ಅವನಿಗೆ ತಿಳಿಯಲೇ ಇಲ್ಲ. ಕೊನೆಗೆ ನಮ್ಮಿಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ರಸ್ತೆ ದಾಟಿಸಿ ಬಿಟ್ಟ. ಆ ಸೀಟಿನ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ. ಇಳಿಯುವಾಗ ಮಿನೆಗಿಶಿ ಮೊದಲ ಸಲ ನಕ್ಕರು.

ಊಟದ ನಡುವೆ, ಇಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರು. ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಸುನಂದಾ ಡಾಕ್ಟರಾಗಿದ್ದಾಳೆ, ಎರಡು ದಿನ ಅವಳ ಮನೆಗೆ ಎಂದೆ. ಅವರು ಚಮಚ ಕೆಳಗಿಟ್ಟರು.

"ನನ್ನ ಮಗಳು ಆ ಊರಿನಲ್ಲಿದ್ದಾಳೆ" ಎಂದರು. "ಅವಳನ್ನು ನೋಡಬೇಕೆಂದೇ ನಾನು ಈ ಸಭೆಗೆ ಒಪ್ಪಿಕೊಂಡದ್ದು. ಒಬ್ಬನೇ ಹೋದರೆ ಮಾತು ಬಾಗಿಲಲ್ಲೇ ಮುಗಿಯಬಹುದು. ನೀವು ಜೊತೆಗಿದ್ದರೆ ಅವಳು ಚಹಾ ಕೊಡಲೇಬೇಕಾಗುತ್ತದೆ."

ರೈಲು

ಚಿಕಾಗೊದಿಂದ ಹೊರಟ ರೈಲು ಸ್ವಲ್ಪ ಹೊತ್ತು ಸರೋವರದ ಮಗ್ಗುಲಲ್ಲಿ, ಉಕ್ಕಿನ ಕಾರ್ಖಾನೆಗಳ ಹಿತ್ತಿಲಲ್ಲಿ ಓಡಿತು. ಆಮೇಲೆ ಗೂಡ್ಸ್ ಗಾಡಿಗಳಿಗೆ ದಾರಿ ಬಿಟ್ಟುಕೊಡುತ್ತ ಹೊಲಗಳ ನಡುವೆ ನಿಂತುಬಿಡುತ್ತಿತ್ತು. ನಮ್ಮಲ್ಲಿ ರೈಲು ಹೀಗೆ ನಿಂತರೆ ಜನ ಎದ್ದು ಬಾಗಿಲಲ್ಲಿ ಗುಂಪುಗೂಡಿ ರೈಲ್ವೆಯವರನ್ನು ಬೈಯುತ್ತ ಪರಿಚಯ ಮಾಡಿಕೊಳ್ಳುತ್ತಾರೆ, ಯಾರೋ ಚುರುಮುರಿ ಹಂಚುತ್ತಾರೆ. ಇಲ್ಲಿ ಯಾರೂ ತಲೆಯೆತ್ತಲಿಲ್ಲ. ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತೇ ಇದ್ದರು. ಆ ನಿಲುಗಡೆಗಳಲ್ಲೇ ಮಿನೆಗಿಶಿ ತಮ್ಮ ಕಥೆ ಹೇಳಿದರು.

ಅವರ ತಂದೆ ಸಮುದ್ರದಡಿಯ ಕಲ್ಲಿದ್ದಲ ಗಣಿಯ ಕೆಲಸಗಾರ. ಮಗ ಓದಿ ಇಂಜಿನಿಯರಾದ. ಕಾರಿನ ತಗಡನ್ನು ಒತ್ತುವ ದೊಡ್ಡ ಯಂತ್ರಗಳ ಕಂಪನಿಯೊಂದು ಅವರನ್ನು ಹೆಂಡತಿ, ಮಗಳ ಸಮೇತ ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ಗೆ ಕಳಿಸಿತು. ಜಪಾನಿನ ಕಾರುಗಳಿಂದ ತಮ್ಮ ಕೆಲಸ ಹೋಯಿತೆಂದು ಅಲ್ಲಿಯ ಜನ ಸಿಟ್ಟಾಗಿದ್ದ ಕಾಲ. ಅಂಗಡಿಗೆ ಹೋದರೆ ಯಾರೂ ಮಾತಾಡಿಸುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಅವರು ಅಡುಗೆಮನೆಯ ಮೇಜಿನ ಮೇಲೆ ಬರೆಯತೊಡಗಿದರು, ಸಮುದ್ರದಡಿಯ ಸುರಂಗದಲ್ಲಿ ಸಿಕ್ಕಿಕೊಂಡವರ ಕಥೆ. ಅದಕ್ಕೆ ಟೋಕಿಯೋದ ಪತ್ರಿಕೆಯೊಂದರ ಬಹುಮಾನ ಬಂತು. ಪ್ರಕಾಶಕರು ಕರೆದರು. ಒಂದು ವರ್ಷ ಬರೆದು ನೋಡುತ್ತೇನೆ, ಆಮೇಲೆ ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಹೊರಟರು. ಅವಳು ಬರಲೊಪ್ಪಲಿಲ್ಲ. ಮಗಳು ಶಾಲೆಗೆ ಹೊಂದಿಕೊಂಡಿದ್ದಳು, ತಾಯಿಗೂ ಒಂದು ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತ್ತು.

ಒಂದು ವರ್ಷ ಮುಗಿಯುವಷ್ಟರಲ್ಲಿ ಎರಡನೇ ಪುಸ್ತಕ ಅರ್ಧವಾಗಿತ್ತು. ಅದು ಮುಗಿಯುವಾಗ ಮೂರನೆಯದಕ್ಕೆ ಮಾತು ಕೊಟ್ಟಾಗಿತ್ತು. ಚಂದ್ರನ ಮೇಲಿನ ಗಣಿ, ಹಿಮದಡಿಯ ಪ್ರಯೋಗಶಾಲೆ, ಜ್ವಾಲಾಮುಖಿಯ ಬಾಯಿಗೆ ಇಳಿಯುವ ಯಂತ್ರ. ಒಂದು ಕಾಲಕ್ಕೆ ಟೋಕಿಯೋದ ರೈಲಿನ ಪ್ರತಿ ಡಬ್ಬಿಯಲ್ಲೂ ಯಾರಾದರೊಬ್ಬರ ಕೈಯಲ್ಲಿ ಅವರ ಪುಸ್ತಕ ಇರುತ್ತಿತ್ತಂತೆ. ಆಮೇಲೆ ಆ ಕೈಗಳಿಗೆ ಆಟದ ಯಂತ್ರಗಳು ಬಂದವು, ಫೋನುಗಳು ಬಂದವು. ಈಚಿನ ಪುಸ್ತಕವನ್ನು ಪ್ರಕಾಶಕರು ಸ್ನೇಹಕ್ಕಾಗಿ ಅಚ್ಚು ಹಾಕಿದರು ಎಂದು ಅವರು ಯಾರನ್ನೂ ದೂರದೆ ಹೇಳಿದರು.

ಮತ್ತೆ ಮಿಶಿಗನ್ನಿಗೆ ಹೋದಿರಾ ಎಂದು ನಾನು ಕೇಳಿದೆ. ಮೊದಲು ವರ್ಷಕ್ಕೊಮ್ಮೆ, ಆಮೇಲೆ ಅಪರೂಪಕ್ಕೆ, ಆಮೇಲೆ ಇಲ್ಲ ಎಂದರು. ಪ್ರತಿ ಪುಸ್ತಕವನ್ನೂ ಮನೆಗೆ ಕಳಿಸುತ್ತಿದ್ದರಂತೆ.

ಅವರ ಮಾತು ಕೇಳುತ್ತ ನನಗೆ ಸಂದರ್ಶನದ ಪ್ರಶ್ನೆಗಳು ಮರೆತುಹೋದವು. ಕಿಟಕಿಯಾಚೆ ಉತ್ತ ಹೊಲದ ನಡುವೆ ಒಂದೇ ಮನೆ, ಒಂದೇ ಮರ. ರೈಲು ಹಂದಾಡಲಿಲ್ಲ.

ಫಾರ್ಮಿಂಗ್ಟನ್ ಹಿಲ್ಸ್

ಸುನಂದಾ ಸ್ಟೇಷನ್ನಿಗೆ ಕಾರು ತಂದಿದ್ದಳು. ಗದಗಿನ ಹುಡುಗಿ, ಈಗ ಎರಡು ಮಕ್ಕಳ ತಾಯಿ. ನಾವು ತಡವಾಗಿ ಬಂದೆವೆಂದು ಅವಳೇ ಕ್ಷಮೆ ಕೇಳಿದಳು. ಮೊದಲು ಮಿನೆಗಿಶಿಯವರನ್ನು ಮಗಳ ಮನೆಗೆ ಬಿಡೋಣ ಎಂದೆ. ಸಬ್‌ಡಿವಿಷನ್ ಎಂದು ಕರೆಯುವ ಆ ಬಡಾವಣೆಯೊಳಗೆ ರಸ್ತೆಗಳು ಸುತ್ತಿ ಸುತ್ತಿ ಹೋಗುತ್ತಿದ್ದವು, ಎಲ್ಲ ಮನೆಗಳೂ ಒಂದೇ ತರಹ. ಇಳಿಯುವ ಮೊದಲು ಸುನಂದಾ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಮೇಡಮ್, ನೀವೂ ಒಳಗ ಹೋಗ್ರಿ. ಅಜ್ಜಾರು ಇನ್ನೂ ಸೀಟ್ ಬೆಲ್ಟ್ ಬಿಚ್ಚಿಲ್ಲ. ಎಷ್ಟೊತ್ತಾದ್ರೂ ಆಗ್ಲಿ, ಫೋನ್ ಮಾಡ್ರಿ, ನಾ ಬಂದು ಪಿಕಪ್ ಮಾಡ್ತೀನಿ."

ಮಗಳ ಹೆಸರು ಮಿಚಿಕೊ. ಹಲ್ಲಿನ ಡಾಕ್ಟರು, ಮೂವತ್ತರ ಆಸುಪಾಸು, ಒಬ್ಬಳೇ ಇದ್ದಳು. ತಂದೆ ಬಾಗಿದರು, ಅವಳು ಕೈಕುಲುಕಲು ಕೈ ಚಾಚಿದಳು. ಅವರು ತಲೆಯೆತ್ತುವಷ್ಟರಲ್ಲಿ ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಬಾಗಿದಳು. ಹೀಗೆ ಎರಡು ಸಲ ತಪ್ಪಿತು. ನಾನು ಬಾಯಾರಿಕೆ ಎಂದೆ. ಚಹಾ ಬಂತು.

ಹಾಲಿನ ಗೋಡೆಯುದ್ದಕ್ಕೂ ಅವರ ಪುಸ್ತಕಗಳಿದ್ದವು, ಕಳಿಸಿದ ಎಲ್ಲವೂ. ಮಿನೆಗಿಶಿ ಅವುಗಳನ್ನು ನೋಡಿ ಮಗಳತ್ತ ತಿರುಗಿದರು.

"ಅಮ್ಮ ಓದುತ್ತಿದ್ದಳು" ಎಂದಳು ಮಿಚಿಕೊ ಇಂಗ್ಲಿಷಿನಲ್ಲಿ. "ನನಗೆ ಓದಲು ಬರುವುದಿಲ್ಲ. ಅಂಗಡಿಯಲ್ಲಿ ಮೂಲಂಗಿ ಕೇಳುವಷ್ಟು ಜಪಾನಿ ಮಾತು ಬರುತ್ತದೆ, ಅಷ್ಟೇ. ಇಂಗ್ಲಿಷಿನದನ್ನು ಓದಿದೆ. ಅದರಲ್ಲಿ ಕಾಂಕ್ರೀಟಿನ ವಿಷಯ ಬಹಳ ಇದೆ."

"ಇದೆ" ಎಂದು ತಂದೆ ಗಂಭೀರವಾಗಿ ಒಪ್ಪಿದರು. "ಕಾಂಕ್ರೀಟು ಮುಖ್ಯ."

ನನಗೆ ನಗು ಬಂದಿತ್ತು, ತಡೆದುಕೊಂಡೆ. ಆಮೇಲೆ ಹವೆಯ ಮಾತು, ರೈಲು ತಡವಾದ ಮಾತು. ಹೊರಗೆ ಅರವತ್ತೆಂಟು ಡಿಗ್ರಿ, ಚೆನ್ನಾಗಿದೆ ಎಂದು ಅವಳು ಹೇಳಿದಳು. ಅವರು ಅದನ್ನು ಮನಸ್ಸಿನಲ್ಲೇ ಸೆಲ್ಸಿಯಸ್ಸಿಗೆ ಬದಲಿಸಿ, ಹೌದು ಚೆನ್ನಾಗಿದೆ ಎಂದರು. ನಾನು ಎದ್ದು ಹೊರಡಬೇಕೋ ಇರಬೇಕೋ ತಿಳಿಯದೆ ಕೂತಿದ್ದೆ. ಕಪ್ಪುಗಳನ್ನು ಎತ್ತುತ್ತ ಅವಳು, ಯಾರ ಮುಖವನ್ನೂ ನೋಡದೆ ಕೇಳಿದಳು.

"ಅಮ್ಮ ತೀರಿಕೊಂಡಾಗ ಯಾಕೆ ಬರಲಿಲ್ಲ?"

"ಏರ್‌ಪೋರ್ಟಿನವರೆಗೆ ಬಂದೆ. ಅಲ್ಲಿಂದಲೇ ಜಪಾನಿಗೆ ಹಿಂದಿರುಗಿದೆ."

"ಯಾಕೆ?"

"ನಿನಗೆ ಏನು ಹೇಳಬೇಕೆಂದು ಗೊತ್ತಾಗಲಿಲ್ಲ."

ಅವಳು ಸಿಂಕಿನ ಮುಂದೆ ನಿಂತು ಕಪ್ಪುಗಳನ್ನು ತೊಳೆದಳು. ತೊಳೆದವನ್ನೇ ಮತ್ತೆ ತೊಳೆದಳು. ಮಿನೆಗಿಶಿ ಮಂಡಿಯ ಮೇಲೆ ಕೈಯಿಟ್ಟು, ತೀರ್ಪಿಗೆ ಕಾಯುವವರ ಹಾಗೆ ನೆಟ್ಟಗೆ ಕೂತಿದ್ದರು. ನೀರು ನಿಲ್ಲಿಸಿ ಅವಳು, ನಾಳೆ ರಜೆ, ಸ್ಟರ್ಲಿಂಗ್ ಹೈಟ್ಸ್‌ನ ಹಳೆಯ ಅಪಾರ್ಟ್‌ಮೆಂಟ್ ನೋಡಬೇಕೆಂದರೆ ಡ್ರೈವ್ ಮಾಡಿಕೊಂಡು ಹೋಗುತ್ತೇನೆ ಎಂದಳು. ನನ್ನತ್ತ ತಿರುಗಿ, ನೀವೂ ಬನ್ನಿ ಎಂದಳು. ಕರೆದದ್ದಕ್ಕಿಂತ ಬೇಡಿಕೊಂಡ ಹಾಗಿತ್ತು.

ಸುನಂದಾಳ ಮನೆಯಲ್ಲಿ ಅವತ್ತು ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದರು. ಅವಳ ಮಗ ನನ್ನ ಪ್ರತಿ ಕನ್ನಡದ ಪ್ರಶ್ನೆಗೂ ಇಂಗ್ಲಿಷಿನಲ್ಲಿ ಸರಿಯಾಗಿ ಉತ್ತರ ಕೊಟ್ಟ. ಒಳ್ಳೆಯ ಹುಡುಗ. ಮಲಗುವ ಕೋಣೆಗೆ ಹೋದ ಮೇಲೆ ನಾನು, ಹುಬ್ಬಳ್ಳಿಯ ನನ್ನ ಕಪಾಟಿನ ಪುಸ್ತಕಗಳು ನನ್ನ ನಂತರ ಯಾರ ಗೋಡೆಗೆ ಹೋಗುತ್ತವೆ ಎಂದು ಯೋಚಿಸಿದೆ. ಯಾರ ಮುಖವೂ ನೆನಪಾಗಲಿಲ್ಲ.

ಸ್ಟರ್ಲಿಂಗ್ ಹೈಟ್ಸ್

ಇಲ್ಲಿಯ ರಸ್ತೆಗಳಿಗೆ ಹೆಸರಿನ ಬದಲು ಮೈಲಿಯ ಸಂಖ್ಯೆ. ಹದಿನಾಲ್ಕನೇ ಮೈಲಿ, ಹದಿನೈದನೇ ಮೈಲಿ ಎಂದು ದಾಟುತ್ತ ಹೋದೆವು. ಕಾರ್ಖಾನೆಗಳು ರಜೆಯಿಂದ ಮುಚ್ಚಿದ್ದವು. ಅವುಗಳ ಮುಂದಿನ ಕಾರು ನಿಲ್ಲಿಸುವ ಬಯಲು ನಮ್ಮ ಊರಿನ ಎರಡು ಬಡಾವಣೆಗಳಷ್ಟಿತ್ತು, ಬರಿದಾಗಿತ್ತು. ತಂದೆ ಮುಂದಿನ ಸೀಟಿನಲ್ಲಿ, ನಾನು ಹಿಂದೆ.

ಅಪಾರ್ಟ್‌ಮೆಂಟುಗಳು ಎರಡಂತಸ್ತಿನ ಇಟ್ಟಿಗೆಯ ಕಟ್ಟಡಗಳು. ಮಿನೆಗಿಶಿ ಇಳಿದು ಒಂದರ ಮುಂದೆ ಹೋಗಿ, ಇದು ಎಂದರು. ಆಮೇಲೆ ಅಲ್ಲ, ಅದು ಎಂದರು. ಲೆಕ್ಕದಲ್ಲಿ ತಪ್ಪದ ಮನುಷ್ಯ ತಾವು ಕೂತು ಬರೆದ ಮನೆಯನ್ನು ಗುರುತಿಸಲಾರದೆ ಹುಲ್ಲಿನ ನಡುವೆ ನಿಂತರು. ಮಿಚಿಕೊ ಮೂರನೆಯ ಕಟ್ಟಡದತ್ತ ನಡೆದು ನೆಲಮಹಡಿಯ ಒಂದು ಬಾಗಿಲ ಮುಂದೆ ನಿಂತಳು.

ಬಾಗಿಲು ತೆಗೆದವಳು ಇರಾಕಿನ ಕಡೆಯ ಹೆಂಗಸು, ಕೈತುಂಬ ಹಿಟ್ಟು. ಮಿಚಿಕೊ ಹಿಂಜರಿಯುತ್ತ, ಹಿಂದೆ ನಾವು ಇಲ್ಲಿದ್ದೆವು ಎಂದಳು. ಅಷ್ಟೇ ಸಾಕಾಯಿತು. ಆಕೆ ಮೊಣಕೈಯಿಂದಲೇ ನಮ್ಮನ್ನು ಒಳಗೆ ತಳ್ಳಿದಳು. ಅಮೆರಿಕಕ್ಕೆ ಬಂದ ಮೇಲೆ, ಮೊದಲೇ ಫೋನು ಮಾಡದೆ ನಾನು ಕಾಲಿಟ್ಟ ಮನೆ ಅದೊಂದೇ. ಕೂರಿಸಿ, ಸಣ್ಣ ಗಾಜಿನ ಲೋಟಗಳಲ್ಲಿ ಕಪ್ಪು ಚಹಾ ಕೊಟ್ಟು, ಮಿನೆಗಿಶಿಯವರ ಲೋಟಕ್ಕೆ ಕೇಳದೆಯೇ ಮೂರು ಚಮಚ ಸಕ್ಕರೆ ಹಾಕಿ, ನೀವು ಮನೆ ನೋಡಿ ಎಂದು ರೊಟ್ಟಿ ಬೇಯಿಸಲು ಹೋದಳು.

ಅಡುಗೆಮನೆಯ ಮೂಲೆಯಲ್ಲಿ ಈಗ ಬಟ್ಟೆ ಒಗೆಯುವ ಯಂತ್ರವಿತ್ತು. "ಮೇಜು ಇಲ್ಲಿತ್ತು" ಎಂದರು ಮಿನೆಗಿಶಿ. ಈ ಸಲ ತಪ್ಪಿರಲಿಲ್ಲ.

"ನಾನು ಅದರ ಕೆಳಗೆ ಇರುತ್ತಿದ್ದೆ" ಎಂದಳು ಮಿಚಿಕೊ. "ನೀವು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದಿರಿ. ಅಮ್ಮನಿಗೆ. ನಾನು ನಿಮ್ಮ ಕಾಲುಗಳ ಹತ್ತಿರ ಮಲಗಿ ಕೇಳುತ್ತಿದ್ದೆ. ಕಥೆ ಅರ್ಥವಾಗುತ್ತಿರಲಿಲ್ಲ."

ಅವರು ಆ ಮೂಲೆಯ ನೆಲವನ್ನು ನೋಡಿದರು.

"ಒಂದು ವಾಕ್ಯ ಇತ್ತು. ಇಂಗ್ಲಿಷ್ ಪುಸ್ತಕದಲ್ಲಿ ಅದಕ್ಕಾಗಿ ಎರಡು ಸಲ ಹುಡುಕಿದೆ, ಸಿಗಲಿಲ್ಲ" ಎಂದ ಅವಳು ಜಪಾನಿಯಲ್ಲಿ ಚಿಕ್ಕ ವಾಕ್ಯವೊಂದನ್ನು ಹೇಳಿದಳು. ಹೇಳುವಾಗ ಅವಳ ದನಿ ಬದಲಾಯಿತು. ಸಣ್ಣ ಹುಡುಗಿಯೊಬ್ಬಳು ದೊಡ್ಡ ಗಂಡಸಿನ ದನಿಯನ್ನು ಅನುಕರಿಸಿದ ಹಾಗೆ ಕೇಳಿಸಿತು.

ಮಿನೆಗಿಶಿ ಒಗೆಯುವ ಯಂತ್ರದ ಮೇಲೆ ಕೈಯೂರಿದರು. ಆಮೇಲೆ ನನಗಾಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಸುರಂಗ ಮುಚ್ಚಿದ ಮೇಲೆ ಮುದುಕ ಮೇಸ್ತ್ರಿ ಕತ್ತಲಲ್ಲಿ ಎಳೆಯ ಕೆಲಸಗಾರನಿಗೆ ಹೇಳುವ ಮಾತು: ಗಾಳಿ ಇನ್ನೂ ಇದೆ, ಮಾತಾಡುತ್ತಿರು.

"ಇದು ಪುಸ್ತಕದಲ್ಲಿಲ್ಲ. ಯಾವ ಭಾಷೆಯಲ್ಲೂ ಇಲ್ಲ" ಎಂದರು. "ಕಳಿಸುವ ಮೊದಲು ನಾನೇ ಹೊಡೆದುಹಾಕಿದೆ. ಅದು ತಪ್ಪು. ಮುಚ್ಚಿದ ಜಾಗದಲ್ಲಿ ಮಾತಾಡಿದರೆ ಗಾಳಿ ಬೇಗ ಕೆಡುತ್ತದೆ. ಅಲ್ಲಿ ಸಿಕ್ಕಿದವರು ಸುಮ್ಮನಿರಬೇಕು."

ಅವರು ಹೇಳಿದ್ದು ನಿಜ. ಆ ಅಧ್ಯಾಯವನ್ನು ನಾನು ಕನ್ನಡಕ್ಕೆ ತಂದಿದ್ದೆ. ಅದರುದ್ದಕ್ಕೂ ಯಾರೂ ಒಂದು ಮಾತೂ ಆಡುವುದಿಲ್ಲ. ಲೆಕ್ಕ ಸರಿಯಾಗಿದೆ ಎಂದು ನನಗೆ ಬಹಳ ಹಿಡಿಸಿತ್ತು.

"ನನಗೆ ಗೊತ್ತಿರಲಿಲ್ಲ" ಎಂದಳು ಮಿಚಿಕೊ. "ಅಮ್ಮ ಕೆಲಸಕ್ಕೆ ಹೋದಾಗ ಒಬ್ಬಳೇ ಇರುತ್ತಿದ್ದೆನಲ್ಲ. ಹೆದರಿಕೆಯಾದಾಗ ಅದನ್ನು ಹೇಳಿಕೊಳ್ಳುತ್ತಿದ್ದೆ. ಬಹಳ ವರ್ಷ."

ಮಿನೆಗಿಶಿ ಅವಳಿಗೆ ಜಪಾನಿಯಲ್ಲಿ ಏನೋ ಹೇಳಿದರು. ಅವಳು ತಡವರಿಸುತ್ತ ಜಪಾನಿಯಲ್ಲೇ ಉತ್ತರ ಕೊಟ್ಟಳು, ಪದ ಸಿಗದಾಗ ನಿಂತಳು, ಅವರು ಪದ ಕೊಟ್ಟರು. ನಾನು ನನ್ನ ಲೋಟ ಎತ್ತಿಕೊಂಡು ಮನೆಯೊಡತಿಯ ಹತ್ತಿರ ಹೋದೆ. ಆಕೆಗೆ ಕನ್ನಡ ಬರದು, ನನಗೆ ಅವಳ ಭಾಷೆ ಬರದು, ಇಬ್ಬರ ಇಂಗ್ಲಿಷೂ ಅಲ್ಲಿ ಬೇಕಿರಲಿಲ್ಲ. ಆಕೆ ನನಗೊಂದು ಹಿಟ್ಟಿನ ಉಂಡೆ ಕೊಟ್ಟಳು. ನಾನು ತಟ್ಟಿದ ರೊಟ್ಟಿ ನೋಡಿ ಇನ್ನೊಂದು ಕೊಟ್ಟಳು. ಹಿಂದಿನ ಮೂಲೆಯಲ್ಲಿ ತಂದೆ ಮಗಳ ಮಾತು ನಿಂತು ನಿಂತು ನಡೆಯುತ್ತಿತ್ತು. ಅದರಲ್ಲಿ ಒಂದು ಪದವೂ ನನಗೆ ತಿಳಿಯಲಿಲ್ಲ.

ಮತ್ತೆ ಚಿಕಾಗೊ

ಮಿನೆಗಿಶಿ ನನ್ನೊಡನೆ ಹಿಂದಿರುಗಲಿಲ್ಲ. ಮಗಳ ಮನೆಯಲ್ಲಿ ಇನ್ನೂ ಕೆಲವು ದಿನ ಇರುವುದಾಗಿ ಫೋನಿನಲ್ಲಿ ಹೇಳಿ, ಸಂದರ್ಶನ ಆಗಲಿಲ್ಲವೆಂದು ನೊಂದುಕೊಂಡರು. ಆ ಕೆಲವು ದಿನ ಬೇಸಿಗೆಯಿಡೀ ಆಯಿತೆಂದು ಆಮೇಲೆ ಸುನಂದಾಳಿಂದ ತಿಳಿಯಿತು. ಈಗ ಅವಳು ಹಲ್ಲು ತೋರಿಸಲು ಮಿಚಿಕೊಳ ಹತ್ತಿರವೇ ಹೋಗುತ್ತಾಳೆ. ದಿನಾ ಸಂಜೆ ಅವರು ಮಗಳಿಗೆ ಒಂದೊಂದೇ ಪುಸ್ತಕದ ಕಥೆಯನ್ನು ಬಾಯಲ್ಲಿ ಹೇಳುತ್ತಿದ್ದರಂತೆ. ಟೋಕಿಯೋಗೆ ಹೋದ ಮೇಲೆ ಉಳಿದವನ್ನು ಫೋನಿನಲ್ಲಿ ಹೇಳಿದರಂತೆ. ಹೊಸ ಕಾದಂಬರಿ ಅವರು ಬರೆಯಲಿಲ್ಲ.

ನಾನು ಒಬ್ಬಳೇ ರೈಲು ಹತ್ತಿದೆ. ಪಕ್ಕದ ಸೀಟು ಚಿಕಾಗೊವರೆಗೂ ಖಾಲಿಯಿತ್ತು. ಅವರಿಬ್ಬರಿಗಾಗಿ ನನಗೆ ನಿಜವಾಗಿಯೂ ಸಂತೋಷವಾಗಿತ್ತು, ಆದರೂ ಹೋಗುವಾಗ ಕಾಣದಿದ್ದ ಖಾಲಿತನ ಬರುವಾಗ ಹೊಲಗಳಲ್ಲೆಲ್ಲ ಕಂಡಿತು. ಮೇಜಿನ ಕೆಳಗೆ ಕೂತು ನನ್ನ ವಾಕ್ಯವನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಸ್ಟೇಷನ್ನಿಗೆ ಶಾಹಿದಾ ಅಂಗಡಿಯ ವ್ಯಾನು ತಂದಿದ್ದಳು. ಹಿಂದೆ ಅಕ್ಕಿಮೂಟೆಗಳು, ಕೊತ್ತಂಬರಿಯ ವಾಸನೆ.

"ಇಂಟರ್‌ವ್ಯೂ ಆತೇನು?" ಎಂದಳು.

ಇಲ್ಲ ಎಂದೆ.

"ಮತ್ತ ಎರಡು ದಿನ ಏನ್ ಮಾಡಿದಿ?"

ಹೇಳಬೇಕೆನಿಸಲಿಲ್ಲ. ಆದರೂ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಯಾವುದೋ ಬೇಳೆ ಬರಬೇಕಿತ್ತು, ಬಂದಿರಲಿಲ್ಲ. ಹೈವೇಯ ಹಸಿರು ಬೋರ್ಡುಗಳು ಒಂದರ ಹಿಂದೊಂದು ಹೋದವು. ನಾನು ಅವನ್ನೇ ಓದುತ್ತ ಕೂತೆ. ಅವಳು ಫೋನು ಮುಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಎಸೆದಳು.

"ಹೂಂ, ಹೇಳು. ಮನಿ ಗುರ್ತು ಸಿಗವಲ್ತು ಅಂತ ಅಜ್ಜ ಹುಲ್ಲಾಗ ನಿಂತಿದ್ದ. ಮುಂದ?"

ನಾನು ಹೇಳಿದೆ. ಬಾಗಿಲು ತೆಗೆದ ಹೆಂಗಸು, ಹಿಟ್ಟಿನ ಕೈ, ಮೇಜಿದ್ದ ಮೂಲೆ. ಶಾಹಿದಾ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕೇಳಿಸಿಕೊಂಡಳು. ಹೈವೇಯಿಂದ ಮನೆಯ ಕಡೆ ತಿರುಗುವ ನಮ್ಮ ಎಕ್ಸಿಟ್ ಬಲಕ್ಕೆ ಬಂತು, ಹೋಯಿತು. ಅದು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ.